ಆಣೆ ಬಿಡಿಸಿಕೊಳ್ಳಲು ಹೋದ ದೊಡ್ಡಮಲ್ಲಮ್ಮ

ಬೇಗೂರಿನಲ್ಲಿ ದೊಡ್ಡಮಲ್ಲಮ್ಮನ ಮೊಸರು ಉಣ್ಣದವರು ಯಾರಾದರೂ ಇದ್ದರೆ, ಅವರು ಮೊನ್ನೆ ಮೊನ್ನೆ ಬಂದು ನೆಲೆಸಿದವರೇ ಇರಬೇಕು. ಗಂಡ ತೀರಿಕೊಂಡ ವರ್ಷ ತಲೆಗೇರಿಸಿದ ಮೊಸರಿನ ಗಡಿಗೆಯನ್ನು ಆಕೆ ಇಳಿಸಿದ್ದೇ ಇಲ್ಲ. ಬೆಳಗಾದರೆ ಊರ ಬೀದಿಗಳು, ಹೊತ್ತೇರಿದರೆ ಹೆದ್ದಾರಿಯಾಚೆಯ ಹೋಟೆಲುಗಳು, ಎಲ್ಲವೂ ಕಾಲ್ನಡಿಗೆ. ಆಟೋದವರು ಕರೆದರೆ "ನಿನ್ ಆಟೋ ಕುಲುಕಾಟಕ್ಕೆ ನನ್ ಮೊಸ್ರು ಮಜ್ಗೆ ಆಯ್ತದೆ, ಓಗ್ಲಾ ಅತ್ಲಾಗೆ" ಎಂದು ಬೈದು ಅಟ್ಟುವಳು. ಬಾಯಿ ಜೋರು, ಆದರೆ ಆಡಿದ ಮಾತು ಆಡಿದ ಮಾತೇ. ಒಮ್ಮೆ ಬೆಕ್ಕು ಗಡಿಗೆಗೆ ಬಾಯಿ ಹಾಕಿದ್ದು ಮಾರಿ ಮುಗಿದ ಮೇಲೆ ತಿಳಿಯಿತು. ಇನ್ನೊಬ್ಬಳಾಗಿದ್ದರೆ ತೆಪ್ಪಗಿರುತ್ತಿದ್ದಳು. ಈ ಮಹಾತಾಯಿ ಮನೆಮನೆಗೂ ಹೋಗಿ "ಉಣ್ಬ್ಯಾಡಿ, ಚೆಲ್ಬುಡಿ" ಎಂದು ಸಾರಿ ಬಂದಳು. ಆ ವಾರ ಊರಿಗೆ ಊರೇ ಆಕೆಯ ಮೊಸರಿಗೆ ಮೂಗು ಮುರಿಯಿತು. ಆಮೇಲೆ ಬೇರೆಯವರ ಮೊಸರನ್ನು ಮೂಸಿಯೂ ನೋಡಲಿಲ್ಲ.

ಇಂಥವಳ ಕಾಲಿಗೇ ಕಾರು ಬಡಿಯಬೇಕೆ!

ಆಕೆ ರಸ್ತೆಯ ಮೇಲೂ ಇರಲಿಲ್ಲ, ಪಕ್ಕದ ಮಣ್ಣಿನಲ್ಲಿ ತನ್ನ ಪಾಡಿಗೆ ನಡೆಯುತ್ತಿದ್ದಳು. ಮೈಸೂರಿನಲ್ಲಿ ಮದುವೆ ಬಟ್ಟೆ ತೆಗೆದು, ಹಾಗೇ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದ ಕಾರೊಂದು ಬಸ್ಸನ್ನು ಹಿಂದೆ ಹಾಕುವ ಅವಸರದಲ್ಲಿ ಮಣ್ಣಿಗಿಳಿದು ಆಕೆಯನ್ನು ಕೆಡವಿತು. ಗಡಿಗೆ ಒಡೆದು ಚೂರಾಯಿತು, ಬಲಗಾಲು ಮಂಡಿಯ ಕೆಳಗೆ ತಿರುಚಿಕೊಂಡಿತು. ಎದುರಿನ ಪಂಕ್ಚರ್ ಅಂಗಡಿಯ ಮಹಬೂಬ್ ಓಡಿ ಬಂದ. ಆಕೆಯನ್ನು ಎತ್ತಿ ಅದೇ ಕಾರಿನಲ್ಲಿ ಮಲಗಿಸಿ, ಕಾರಿನ ನಂಬರನ್ನು ಮೊಬೈಲಿನಲ್ಲಿ ಹಿಡಿದುಕೊಂಡು, "ಮೊದ್ಲು ಆಸ್ಪತ್ರೆ, ಆಮೇಲೆ ಸ್ಟೇಷನ್ನು, ತಿಳೀತಾ?" ಎಂದು ಗದರಿ ಕಳಿಸಿದ.

ಕಾರು ಓಡಿಸುತ್ತಿದ್ದವನು ಬದನಗುಪ್ಪೆಯ ದಿಲೀಪ. ಮದುಮಗನೂ ಅವನೇ. ಹಿಂದಿನ ಸೀಟಿನಲ್ಲಿ ದೊಡ್ಡಮಲ್ಲಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವಳು ಅವನ ತಾಯಿ ರಾಚಮ್ಮ. ಗುಂಡ್ಲುಪೇಟೆ ಮುಟ್ಟುವಷ್ಟರಲ್ಲಿ ಆಗಬಾರದ್ದು ಆಗಿಹೋಯಿತು. ರಾಚಮ್ಮ ಸೆರಗಿನ ಗಂಟು ಬಿಚ್ಚಿ ಮಾದಪ್ಪನ ಬೆಟ್ಟದ ವಿಭೂತಿ ತೆಗೆದಳು. ನೋವಿನಲ್ಲಿ ನರಳುತ್ತಿದ್ದವಳ ಅಂಗೈಗೆ ಅದನ್ನಿಟ್ಟು ಬೆರಳು ಮಡಿಸಿದಳು.

"ಅವ್ವಾ, ನನ್ ಮಗನ ಮದ್ವೆ ಗೊತ್ತಾಗೈತೆ. ಪೊಲೀಸು ಕೇಸು ಅಂದ್ರೆ ಉಡುಗನ ಬಾಳು ಮಣ್ಣು. ನಿನ್ ಕಾಲು ನೆಟ್ಗಾಗೋ ಗಂಟ ನಾವು ನೋಡ್ಕತೀವಿ, ಮಾದಪ್ಪನಾಣೆ. ನೀನೂ ಆಣೆ ಮಾಡು, ಕಾರ್ ಬಡೀತು ಅಂತ ಯಾರ್ಗೂ ಏಳಾಕಿಲ್ಲ ಅಂತ."

ಮುಂದಿನ ಸೀಟಿನಲ್ಲಿ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ದೊಡ್ಡಮಲ್ಲಮ್ಮ ತಾನೂ ಹೆತ್ತವಳು, ಕರುಳು ಚುರುಕ್ಕೆಂದಿತು. "ಆಯ್ತು ಕಣವ್ವ, ಮಾದಪ್ಪನಾಣೆ" ಎಂದುಬಿಟ್ಟಳು. ಆಸ್ಪತ್ರೆಯಲ್ಲಿ ದಿಲೀಪ "ನಮ್ಮ ಚಿಕ್ಕಮ್ಮ, ಬಚ್ಚಲಲ್ಲಿ ಜಾರಿದ್ರು" ಎಂದ. ಡಾಕ್ಟರು ಆಕೆಯ ಮುಖ ನೋಡಿದರು. ಬೆಕ್ಕಿನ ಎಂಜಲನ್ನು ಊರಿಗೆಲ್ಲ ಸಾರಿದ್ದ ಹೆಂಗಸು ಹೌದೆಂದು ತಲೆಯಾಡಿಸಿದಳು. ಡಾಕ್ಟರು ಹಾಗೆಯೇ ಬರೆದುಕೊಂಡರು.

ಈ ಸೀಮೆಯಲ್ಲಿ ಮಾದಪ್ಪನ ಆಣೆ ಎಂದರೆ ಹುಡುಗಾಟವಲ್ಲ. ಆಣೆ ಇಟ್ಟ ಹೊಲದ ಬದುವನ್ನು ಮೊಮ್ಮಕ್ಕಳು ಕೂಡ ದಾಟುವುದಿಲ್ಲ. ಆಣೆ ಮಾಡಿಸಿದವರೇ ಬಾಯಿಬಿಟ್ಟು "ಬುಟ್ಟೆ" ಎಂದ ಹೊರತು ಅದು ಇಳಿಯುವುದಿಲ್ಲ.

ಮೈಸೂರಿನಲ್ಲಿ ಆಪರೇಷನ್ ಆಗಿ ಕಾಲಿಗೆ ರಾಡು ಬಿತ್ತು. ಅದರ ಖರ್ಚನ್ನು ದಿಲೀಪ ಕೊಟ್ಟ, ಸುಳ್ಳು ಹೇಳಬಾರದು. ಮದುವೆಯಾಗುವವರೆಗೆ ಫೋನನ್ನೂ ಎತ್ತಿದ. ಆಮೇಲೆ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತಾಯಿತು. ರಾಡು ಸರಿಯಾಗಿ ಕೂರಲಿಲ್ಲ, ಗಾಯ ಕೀವಾಯಿತು, ಇನ್ನೊಂದು ಆಪರೇಷನ್ ಆಗದಿದ್ದರೆ ಕಾಲು ಉಳಿಯುವುದು ಕಷ್ಟ ಎಂದರು ಡಾಕ್ಟರು. ಮೊಸರಿನ ವ್ಯಾಪಾರ ನಿಂತೇಹೋಗಿತ್ತು. ನಡೆದೇ ಬದುಕಿದವಳು ಮಂಚಕ್ಕಂಟಿಕೊಂಡು ಸೂರು ನೋಡುತ್ತ ಮಲಗಿದಳು.

ಮಗಳು ನಾಗಲಕ್ಷ್ಮಿ ಬದನಗುಪ್ಪೆಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುವವಳು. ಕಾರಿನ ವಿಷಯ ಮಹಬೂಬನಿಂದ ಮೊದಲೇ ತಿಳಿದಿದ್ದವಳು, ತಾಯಿ ತನ್ನನ್ನೂ ಅವನನ್ನೂ ಪೊಲೀಸರ ಬಳಿ ಹೋಗಲು ಬಿಡದಿದ್ದುದಕ್ಕೆ ಈ ಆಣೆಯೇ ಕಾರಣವೆಂದು ಕೇಳಿ ಕೆಂಡವಾದಳು.

"ಅವ್ರು ಆಣೆ ಮುರ್ದ್ರು, ನೀನ್ ಮಾತ್ರ ಕಟ್ಕೊಂಡು ಕೂತಿದ್ದೀಯ. ಊರಿಗೆ ಉಪಕಾರಿ, ಮನೆಗೆ ಮಾರಿ ನೀನು!"

"ಅವ್ರ ಬಾಯಿ ಅವ್ರುದು ಕಣಮ್ಮಿ, ನನ್ ಬಾಯಿ ನಂದು" ಎಂದಳು ತಾಯಿ. ರಾತ್ರಿ ಅತ್ತಳು, ಅದು ಮಗಳಿಗೆ ಕೇಳಿಸದೆ ಇರಲಿಲ್ಲ.

ನಾಗಲಕ್ಷ್ಮಿ ಕೈಕಟ್ಟಿ ಕೂರುವ ಜಾತಿಯಲ್ಲ. ತಾಯಿಯನ್ನು ಗುಂಡ್ಲುಪೇಟೆಯ ವಕೀಲೆ ನಯನಾ ಬಳಿ ಕರೆದೊಯ್ದಳು. ಜೊತೆಗೆ ಮಹಬೂಬನೂ ಬಂದ. "ನಾನ್ ಯಾವ್ ಆಣೆನೂ ಮಾಡಿಲ್ಲ ಕಣಮ್ಮ. ಕಂಡಿದ್ದ ಕಂಡಂಗೆ ಏಳ್ತೀನಿ" ಎಂದು ಮೊದಲೇ ಹೇಳಿಬಿಟ್ಟ.

ನಯನಾ ಅವರಿಬ್ಬರ ಬಾಯಿಂದ ಎಲ್ಲವನ್ನೂ ಕೇಳಿ, "ಅಮ್ಮ, ಕೇಸು ಹಾಕಿದ್ರೆ ಆ ಹುಡುಗ ಹಾಳಾಗ್ತಾನೆ ಅಂದ್ಕೊಂಡಿದ್ರಾ?" ಎಂದಳು.

"ಊಂ. ಜೈಲು, ಮನೆ ಅರಾಜು, ಇನ್ನೇನು?"

"ಇಂಥ ಕೇಸಿಗೆ ಠಾಣೆಯಲ್ಲೇ ಜಾಮೀನು ಸಿಗುತ್ತೆ, ಸಾಮಾನ್ಯವಾಗಿ ಫೈನ್ ಕಟ್ಟಿ ಮುಗಿಯುತ್ತೆ. ಮನೆ ಯಾಕೆ ಹರಾಜಾಗುತ್ತೆ? ಕಾರಿಗೆ ಇನ್ಶೂರೆನ್ಸ್ ಇದೆ. ಪರಿಹಾರ ಕೊಡೋದು ಕಂಪನಿ, ಅವನ ಜೇಬಲ್ಲ. ನಡೆದು ಹೋಗೋರಿಗೂ ಆ ರಸ್ತೆ ಮೇಲೆ ಕಾರಿನಷ್ಟೇ ಹಕ್ಕಿದೆ. ಮಣ್ಣಲ್ಲಿ ನಡೀತಿದ್ದ ನಿಮ್ಮದಂತೂ ಏನೂ ತಪ್ಪಿಲ್ಲ. ಆಪರೇಷನ್ನು, ನಿಂತುಹೋದ ದುಡಿಮೆ, ನೋವು, ಎಲ್ಲಕ್ಕೂ ಕೇಳಬಹುದು. ಪೊಲೀಸ್ ದೂರು ತಡವಾಗಿದೆ, ಯಾಕೆ ಅಂತ ಹೇಳಿದ್ರೆ ನಡೆಯುತ್ತೆ. ಆದ್ರೆ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು, ಮುಗೀತಾ ಬಂದಿದೆ. ಆಸ್ಪತ್ರೆಯಲ್ಲಿ ಬಚ್ಚಲು ಅಂತ ಇದೆಯಲ್ಲ, ಅದು ಸುಳ್ಳು ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಎದುರಿನ ವಕೀಲರು ಅದನ್ನೇ ಹಿಡಿದು ಜಗ್ಗಾಡ್ತಾರೆ, ಆಗ ಅಲುಗಬಾರದು."

ದೊಡ್ಡಮಲ್ಲಮ್ಮ ತನ್ನ ಕಾಲನ್ನೇ ನೋಡಿಕೊಂಡಳು. ಯಾರ ಬಾಳೂ ಮಣ್ಣಾಗುತ್ತಿರಲಿಲ್ಲ! ಆ ಅಳು, ಆ ವಿಭೂತಿ, ಈ ಕೊಳೆಯುತ್ತಿರುವ ಕಾಲು, ಎಲ್ಲ ದಂಡಕ್ಕೆ. ಆದರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಕೈ ಏಳಲಿಲ್ಲ.

"ಮೊದ್ಲು ಆಣೆ ಬುಡಿಸ್ಕಂಡ್ ಬತ್ತೀನಿ ಕಣವ್ವ. ರಾಚಮ್ಮ ಒಂದ್ ಮಾತು ಬುಟ್ಟೆ ಅಂದ್ರೆ ಸಾಕು. ಕಂಪ್ನಿ ಕೊಡದು ಅಂತ ತಿಳಿದ್ರೆ ಅವ್ಳೂ ಬ್ಯಾಡ ಅನ್ನಾಕಿಲ್ಲ."

ನಯನಾ ಹಣೆ ಚಚ್ಚಿಕೊಂಡಳು. ಮಹಬೂಬ್ ಅಡ್ಡ ಬಂದ. "ಓಗ್ಲಿ ಬುಡಿ ಮೇಡಂ, ಇಲ್ದಿದ್ರೆ ಈಯಮ್ಮ ಕೋರ್ಟಲ್ಲಿ ಬಾಯೇ ಬುಡಲ್ಲ" ಎಂದ.

ಮರುದಿನ ತಾಯಿ ಮಗಳು ಬಸ್ಸು ಬದಲಾಯಿಸಿ ಬದನಗುಪ್ಪೆ ಸೇರಿದರು. ಕೋಲೂರಿಕೊಂಡು, ಹೆಜ್ಜೆಗೊಮ್ಮೆ ಹಲ್ಲು ಕಚ್ಚಿಕೊಂಡು, ದೊಡ್ಡಮಲ್ಲಮ್ಮ ದಿಲೀಪನ ಮನೆಯ ಜಗಲಿ ಹತ್ತಿದಳು. ಬೈಯಲು ಬಂದವಳಲ್ಲ ಅವಳು. ದಾರಿಯುದ್ದಕ್ಕೂ ಮಗಳಿಗೆ "ನೀನ್ ಬಾಯಿ ಆಕ್ಬ್ಯಾಡ, ಅವ್ರೇ ಎದ್ರಕಂಡಿರ್ತಾರೆ" ಎಂದು ಹೇಳಿಕೊಂಡೇ ಬಂದಿದ್ದಳು. ಅಂಗಳದಲ್ಲಿ ಅದೇ ಕಾರು ನಿಂತಿತ್ತು. ಬಾಗಿಲು ತೆರೆದ ದಿಲೀಪನ ಮುಖ ಬಿಳಿಚಿಕೊಂಡಿತು. ಅವನ ಹಿಂದೆಯೇ ಹೊಸ ಹೆಂಡತಿ ಇಣುಕಿ "ಯಾರ್ರೀ?" ಎಂದಳು.

"ಗೊತ್ತಿಲ್ಲ" ಎಂದ ದಿಲೀಪ. "ಯಾರಮ್ಮ ನೀವು? ಯಾವ ಊರು?"

ದೊಡ್ಡಮಲ್ಲಮ್ಮ ಮೊದಲು ತಮಾಷೆ ಎಂದುಕೊಂಡಳು. "ಲೋ ಮಗ, ಬೇಗೂರ್ ಮೊಸ್ರಮ್ಮ ಕಣ್ಲಾ. ನಿನ್ ಕಾರು ನನ್ ಕಾಲು…"

"ನಮ್ ಕಾರು ಯಾರ್ಗೂ ಹೊಡ್ದಿಲ್ಲ. ನಿಮ್ಮನ್ನ ನಾನು ನೋಡೇ ಇಲ್ಲ."

ಒಳಗಿನಿಂದ ರಾಚಮ್ಮ ಬಂದಳು. ಹಣೆಯ ತುಂಬ ವಿಭೂತಿ. ದೊಡ್ಡಮಲ್ಲಮ್ಮನಿಗೆ ಜೀವ ಬಂದಂತಾಯಿತು. ತೊಡೆಯ ಮೇಲೆ ತಲೆ ಇಟ್ಟುಕೊಂಡಿದ್ದವಳಲ್ಲವೇ, ದಾರಿಯುದ್ದಕ್ಕೂ ಬೆವರು ಒರೆಸಿದವಳಲ್ಲವೇ.

"ರಾಚಮ್ಮ, ನೀನಾರ ಏಳವ್ವ. ದುಡ್ ಕೇಳಾಕ್ ಬಂದಿಲ್ಲ ನಾನು. ಆ ಆಣೆ ಬುಟ್ಬುಡು ಅಂತ ಕೇಳಾಕ್ ಬಂದೆ, ಅಷ್ಟೇ."

ರಾಚಮ್ಮ ಸೊಸೆಯ ಮುಖ ನೋಡಿದಳು, ಮಗನ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು ಹೇಳಿದಳು:

"ನಂಗೂ ಗುರ್ತಿಲ್ಲ ಕಣವ್ವ. ಯಾವ್ ಆಣೆ?"

ನಾಗಲಕ್ಷ್ಮಿ ಬಾಯಿ ತೆರೆಯುವಷ್ಟರಲ್ಲಿ ತಾಯಿ ಅವಳ ಕೈ ಅದುಮಿದಳು. ದೊಡ್ಡಮಲ್ಲಮ್ಮನ ಕಣ್ಣಿನಲ್ಲಿ ನೀರು ತುಂಬಿತು. ಕಾಲು ಮುರಿದಾಗಲೂ ಆಕೆಗೆ ಇಷ್ಟು ದುಃಖವಾಗಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಸರಿ ಕಣವ್ವ. ನಿಮ್ ಕಾರು ನಂಗ್ ಒಡ್ದೇ ಇಲ್ಲ, ನೀವು ನನ್ ನೋಡೇ ಇಲ್ಲ. ಅಂಗಾದ್ರೆ ನಾನ್ ಆಣೆ ಮಾಡಿದ್ದು ಯಾರ್ಗೆ?"

ಹೊಸ ಸೊಸೆ ಅತ್ತೆಯ ಕಡೆಗೆ ನಿಧಾನವಾಗಿ ತಿರುಗಿದಳು. ದೊಡ್ಡಮಲ್ಲಮ್ಮ ಕೋಲೂರಿ ಮೆಟ್ಟಿಲಿಳಿದು, ಗುಂಡ್ಲುಪೇಟೆಗೆ ಯಾವ ಬಸ್ಸು ಬೇಗ ಸಿಗುತ್ತದೆಂದು ಮಗಳನ್ನು ಕೇಳಿದಳು.