ಅರ್ಧ ಕಾರಿನ ಪಾಲಿಶ್

ಸೇಡಂನಲ್ಲಿ ಕರಿ ಬಣ್ಣದ ಕಾರು ಕೊಳ್ಳಬೇಡವೆಂದು ಎಲ್ಲರೂ ಹೇಳಿದ್ದರು. ಹೇಳಿದ್ದಕ್ಕೇ ಕೊಂಡೆ. ದಿನಾ ಶಾಲೆಗೆ ಪಾಠ ಮಾಡಲು ಹೋಗುವ ದಾರಿಯಲ್ಲಿ ಸಿಮೆಂಟ್ ಲಾರಿಗಳ ಧೂಳು, ಅದರ ಮೇಲೆ ಇಬ್ಬನಿ, ಆಮೇಲೆ ನಮ್ಮ ಬಿಸಿಲು. ಆರು ತಿಂಗಳಲ್ಲಿ ಕಾರು ಮೈತುಂಬ ವಿಭೂತಿ ಬಳಿದುಕೊಂಡಂತಾಯಿತು.

ಚಿಂಚೋಳಿಯಲ್ಲಿರುವ ತಂಗಿಯ ಅತ್ತೆ ಮನೆಯವರು ತಮ್ಮ ಹೊಸ ಮನೆ ನೋಡಲು ಭಾನುವಾರ ಬನ್ನಿ ಎಂದು ಕರೆದಾಗ ಅವ್ವ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. “ಬೀಗರ ಮನಿ ಮುಂದ ಈ ಗಾಡ್ಯಾಗಿಂದ ಇಳೀಲಿಕ್ಕಿ ನನಗ ನಾಚಿಕಿ ಬರ್ತದ. ನಾ ಬಸ್ಸಿಗೇ ಹೋಗ್ತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ನಾನೇ ದುಡಿದು ಕೊಂಡ ಕಾರು! ಅವ್ವನನ್ನು ಅದರಲ್ಲಿ ಕೂರಿಸಿಕೊಂಡು ದೂರ ಹೋಗಬೇಕೆಂದು ಎಷ್ಟು ಆಸೆಪಟ್ಟಿದ್ದೆ. ಭಾನುವಾರ ಬೆಳಿಗ್ಗೆಯೇ, ತಾಮ್ರದ ಕೊಡ ಬೆಳಗುವ ಹಾಗೆ, ಹುಣಸೆಹುಳಿ ಹಿಡಿದು ಕೂತೆ. ಸಿಮೆಂಟಿನ ಕಲೆಗಳು ಕರಗಿದವು! ಆ ಖುಷಿಯಲ್ಲಿ ತೆಂಗಿನ ನಾರಿನಿಂದ ಗಸಗಸ ತಿಕ್ಕಿದೆ. ನೀರು ಸುರಿದು ನೋಡಿದರೆ ಬಾನೆಟ್ ತುಂಬ ಗೀರು.

ಪಕ್ಕದ ಮನೆಯ ಅಜ್ಜ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹೊಡೆದೇ ಕೂದಲು ಹಣ್ಣು ಮಾಡಿಕೊಂಡವರು. ಗೋಡೆಯ ಆಚೆಯಿಂದ ನೋಡಿ ಹಣೆ ಹಣೆ ಬಡಿದುಕೊಂಡರು.

“ಯವ್ವಾ, ಕೊಡ ತಿಕ್ಕಲಿಕತ್ತಿ ಏನು? ಗಾಡಿ ನೆಳ್ಳಿಗಿ ತಗೊ. ಒಂದೊಂದೇ ಫರ್ಸಿ ಅಂತ ತಿಳಕೊಂಡು ಮಾಡು. ಒಂದು ಮುಗಿಯೋತನಕ ಇನ್ನೊಂದು ಮುಟ್ಟಬ್ಯಾಡ.”

ಬಾನೆಟ್ಟಿನ ಮೇಲೆ ಟೇಪ್ ಅಂಟಿಸಿ ಚೌಕ ಮಾಡಿಕೊಂಡೆ. ಕಾರು ಕೊಂಡಾಗ ತಂದು ಮರೆತೇಬಿಟ್ಟಿದ್ದ ಡಬ್ಬಿಯಿಂದ ಬಟಾಣಿಯಷ್ಟು ಪಾಲಿಶ್, ಮೆತ್ತನೆಯ ಬಟ್ಟೆ, ಹಗುರ ಕೈ. ಗೀರುಗಳು ಮಾಯವಾಗಿ ಮೊದಲ ಚೌಕದಲ್ಲಿ ಬೇವಿನ ಮರ ಎಲೆ ಎಲೆಯಾಗಿ ಕಂಡಾಗ ಕಿರುಚಿಯೇಬಿಟ್ಟೆ. ಆಮೇಲೆ ಹುಚ್ಚು ಹಿಡಿಯಿತು. ಎರಡು ಚೌಕ, ಐದು, ಹತ್ತು. ಕೈ ಕೆಸರಾದರೆ ಬಾಯಿ ಮೊಸರಂತೆ. ನನಗೆ ಮೊಸರೂ ಬೇಡ, ಊಟವೂ ಬೇಡ. ತೋಳು ಬಿದ್ದುಹೋಗುವಂತಿದ್ದರೂ ನಗು ನಿಲ್ಲಲಿಲ್ಲ. ಗಡಿಯಾರ ನೋಡಿದಾಗ ಮೂರೂವರೆ. ನಾಲ್ಕಕ್ಕೆ ಹೊರಡಬೇಕು, ಮುಗಿದದ್ದು ಬಾನೆಟ್ಟು ಮತ್ತು ಎಡಗಡೆ ಮಾತ್ರ.

ಅವ್ವ ಹೊರಬಂದು ಕಾರಿಗೆ ಒಂದು ಸುತ್ತು ಹಾಕಿದಳು. ಎಡಬಾಗಿಲಲ್ಲಿ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಂಡಳು. ಬಲಗಡೆ ನೋಡಿ ಹುಬ್ಬು ಗಂಟಿಕ್ಕಿದಳು.

“ನಡಿ,” ಎಂದಳು ಕೊನೆಗೆ. “ಅಲ್ಲಿ ಹೋದಮ್ಯಾಲ ಈ ಕಡಿ ಗ್ವಾಡಿಗಿ ಹಚ್ಚಿ ನಿಂದ್ರಸು. ಯಾರಿಗೂ ಕಾಣಬಾರ್ದು.”

ಚಿಂಚೋಳಿಯತನಕ ಹಾಡುತ್ತಲೇ ಓಡಿಸಿದೆ. ಬೂದಿ ಬಣ್ಣದ ಬಲಗಡೆಯನ್ನು ಬೀಗರ ಗೋಡೆಗೆ ಎಷ್ಟು ಒತ್ತಿ ನಿಲ್ಲಿಸಿದೆನೆಂದರೆ ನನ್ನ ಬಾಗಿಲೇ ತೆರೆಯಲಿಲ್ಲ. ಅವ್ವ ಇಳಿದ ಮೇಲೆ ಸೀಟು ದಾಟಿ ಎಡಬಾಗಿಲಿನಿಂದ ಹೊರಬಿದ್ದೆ.

“ಹೊಸಾ ಗಾಡಿ ಏನ್ರಿ? ಭಾಳ ಚೆಂದ ಹೊಳೀತದಲ್ರಿ!” ಎಂದರು ತಂಗಿಯ ಅತ್ತೆ.

ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವ್ವ ಎದೆಯುಬ್ಬಿಸಿ ನಿಂತಳು. “ಹೊಸಾದಲ್ರಿ, ಹಳೀದು. ನನ್ನ ಮಗಳೇ ಕೈಲೆ ತಿಕ್ಕ್ಯಾಳ.” ನನ್ನತ್ತ ತಿರುಗಿ, “ಏ, ಗಾಡಿ ಜರಾ ಮುಂದ ತಗಿ. ಮೊದಲ ಹ್ಯಾಂಗಿತ್ತಂತ ಆ ಕಡಿದೂ ತೋರಸ್ತೀನಿ ಇವ್ರಿಗಿ” ಎಂದಳು.