ಹೊಳೆಆಲೂರಿನ ರೂಟರ್ ಮುಂದೆ ಯಾರಿದ್ದರು?

ಇಬ್ಬರಿಂದ ಖಚಿತಪಡಿಸಿಕೊಳ್ಳದ ಸುದ್ದಿಯನ್ನು ನಾನು ಪತ್ರಿಕೆಗೆ ಕಳಿಸಿದವನಲ್ಲ. ದೆವ್ವ, ಭೂತ ಎಂದು ಯಾರಾದರೂ ಸುದ್ದಿ ತಂದರೆ ಚಹಾ ಕುಡಿಸಿ ಸಾಗಹಾಕುತ್ತಿದ್ದೆ. ಈಗ ನಂಬುತ್ತೇನೆ ಎಂದೂ ಹೇಳುತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಅಷ್ಟೇ.

ಮಲಪ್ರಭೆ ಉಕ್ಕಿ ಹೊಳೆಆಲೂರಿಗೆ ನುಗ್ಗಿದ ವರ್ಷ. ರೋಣದಲ್ಲಿ ಕರೆಂಟಿರಲಿಲ್ಲ. ವರದಿ ಕಳಿಸಲು, ಜನರೇಟರ್ ಇದ್ದ ಒಂದು ದೂರವಾಣಿ ಕಂಪನಿಯ ಕಚೇರಿಗೆ ಹೋಗಿದ್ದೆ. ಅಲ್ಲಿ ತಂತ್ರಜ್ಞ ಮಹಾಂತೇಶ ಒಬ್ಬನೇ ಕೂತಿದ್ದ. ಅವನ ತಾಯಿ ಮತ್ತು ಅಕ್ಕ ಹೊಳೆಆಲೂರಿನಲ್ಲಿ ಸಿಕ್ಕಿಕೊಂಡಿದ್ದರು; ಊರವರ ಜೊತೆ ಶಾಲೆಯ ಮಾಳಿಗೆ ಏರಿದ್ದಾರೆಂದು ತಿಳಿದದ್ದು ಆಮೇಲೆ. ನೀರು ಏರುತ್ತಲೇ ಇತ್ತು. ಕೇಬಲ್ ಹರಿದು ಊರಿನ ಫೋನುಗಳೆಲ್ಲ ಬಂದಾಗಿದ್ದರಿಂದ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ದೋಣಿಯವರಿಗೆ ತಿಳಿಯುತ್ತಿರಲಿಲ್ಲ.

ಕರೆಗಳಿಗೆ ದಾರಿ ತೋರಿಸುವ ರೂಟರ್ ಮಾತ್ರ ಹೊಳೆಆಲೂರಿನ ಒಂದು ಕಟ್ಟಡದ ಮೇಲಂತಸ್ತಿನಲ್ಲಿ, ಬ್ಯಾಟರಿಯ ಬಲದಲ್ಲಿ, ಇನ್ನೂ ನಡೆಯುತ್ತಿತ್ತು. ಬೆಳವಣಕಿ ಟವರಿನ ಸಣ್ಣದೊಂದು ಸಂಪರ್ಕ ಹಿಡಿದು ಮಹಾಂತೇಶ ರೋಣದ ಕಂಪ್ಯೂಟರಿನಿಂದಲೇ ಅದರೊಳಗೆ ಹೊಕ್ಕಿದ್ದ. ಕಪ್ಪು ಪರದೆ, ಬಿಳಿ ಅಕ್ಷರ. ಒಂದೊಂದೇ ಕಮಾಂಡ್ ಹೊಡೆದು ಕರೆಗಳನ್ನು ನರಗುಂದದ ಕಡೆ ತಿರುಗಿಸಬೇಕಿತ್ತು.

ಮೊದಲು ಅವನು ರೂಟರಿಗೆ ಒಂದು ಗಡುವು ಕೊಟ್ಟ: ಸ್ವಲ್ಪ ಹೊತ್ತಾದ ಮೇಲೆ ಅದು ತಾನೇ ಬಂದಾಗಿ ಮತ್ತೆ ಚಾಲೂ ಆಗಬೇಕು. ಕಮಾಂಡ್ ತಪ್ಪಿ ಸಂಪರ್ಕ ಕಡಿದುಹೋದರೂ ಆಗ ರೂಟರ್ ಹಳೆಯ ಸ್ಥಿತಿಗೆ ಮರಳುತ್ತದೆ. ಕೆಲಸ ಸರಿಯಾದರೆ ಗಡುವು ರದ್ದು ಮಾಡಬೇಕು. ಮರೆತರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಇದನ್ನು ಕಲಿಸಿದವರು ಹುಚ್ಚಪ್ಪ ಕಾಕಾ ಎಂದ. ಹೊಳೆಆಲೂರಿನ ಆ ರೂಟರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಗಜೇಂದ್ರಗಡದ ನೇಕಾರರ ಮನೆಯವರು. ಕಡಿದ ಎಳೆಗೆ ಗಂಟು ಹಾಕಿ ಜಗ್ಗಿ ನೋಡುವ ರೂಢಿ ಕೈಯಲ್ಲಿ ಉಳಿದಿತ್ತು. ರೂಟರಿನಲ್ಲೂ ಕೆಲಸ ಮುಗಿಸಿ ಹೊರಬಂದು, ಮತ್ತೊಮ್ಮೆ ಒಳಹೊಕ್ಕು ನೋಡಿಯೇ ಏಳುತ್ತಿದ್ದರಂತೆ. "ಏನ್ರಿ ಕಾಕಾ, ರೂಟರ್‌ನ್ಯಾಗ ಸೀರಿ ನೇಯಾಕ ಹತ್ತೀರೇನು?" ಎಂದು ಹುಡುಗರು ಕಾಡುತ್ತಿದ್ದರಂತೆ.

ಕೊನೆಯ ಕಮಾಂಡ್ ಹೊಡೆದ ಸ್ವಲ್ಪದರಲ್ಲೇ ಮಹಾಂತೇಶನ ಮೊಬೈಲ್ ರಿಂಗಾಯಿತು. ಅಕ್ಕ. ಅವನು ಅಂಗಳಕ್ಕೆ ಓಡಿ, ಅವಳಿಂದ ಜಾಗ ಕೇಳಿಕೊಂಡು, ದೋಣಿಯವರಿಗೆ ಫೋನಿನಲ್ಲಿ ದಾರಿ ಹೇಳುತ್ತ ನಿಂತುಬಿಟ್ಟ. ಗಡುವು ಹಾಗೆಯೇ ಉಳಿಯಿತು.

ನಾನು ಪರದೆಯ ಮುಂದೆ ಇದ್ದೆ. ಯಾರೂ ಕೀಬೋರ್ಡ್ ಮುಟ್ಟದೆ ಒಂದು ಸಾಲು ಮೂಡಿತು. ತುಸು ತಡೆದು ಅದೇ ಸಾಲು ಮತ್ತೊಮ್ಮೆ. ಆಮೇಲೆ ನಕ್ಷತ್ರ ಚಿಹ್ನೆಗಳ ನಡುವೆ ಬೇರೊಂದು ಸಾಲು. ನನಗೆ ಅರ್ಥವಾಗಲಿಲ್ಲ.

ಮಹಾಂತೇಶ ಒಳಗೆ ಓಡಿಬಂದ. "ಗಡುವು ಹಂಗ ಬಿಟ್ಟೀನ್ರಿ" ಎಂದವನು ಪರದೆ ನೋಡಿ ನಿಂತ.

"ನೀವು ಮುಟ್ಟೀರೇನ್ರಿ?"

ಇಲ್ಲವೆಂದೆ.

ನಕ್ಷತ್ರಗಳ ನಡುವಿನ ಸಾಲಿನ ಪ್ರಕಾರ ಗಡುವು ರದ್ದಾಗಿತ್ತು. ಮೊದಲಿನ ಎರಡು ಸಾಲುಗಳು ಹೇಳಿದ್ದು ಇಷ್ಟು: ರೂಟರಿಗೇ ಕೇಬಲ್ ಸಿಕ್ಕಿಸಿ, ಅದರ ಮುಂದೆ ಕೂತವರು ಯಾರೋ ಒಳಹೊಕ್ಕು ಕೆಲಸ ಮಾಡಿ ಹೊರಬಂದಿದ್ದಾರೆ, ಒಂದಲ್ಲ, ಎರಡು ಸಲ.

"ಕಾಕಾ ಅಲ್ಲೇ ಅದಾರ್ರಿ" ಎಂದು ಮಹಾಂತೇಶ ಅಳುತ್ತ ನಕ್ಕ. "ಎರಡೆರಡು ಸಲ ಮತ್ಯಾರು ಮಾಡ್ತಾರ?"

ಶಾಲೆಯ ಮಾಳಿಗೆ ಮೇಲಿದ್ದವರೆಲ್ಲ ಬದುಕಿದರು. ಅವರನ್ನು ದಡಕ್ಕೆ ಬಿಟ್ಟು ದೋಣಿಯವರು ಕಾಕಾರನ್ನು ಕರೆತರಲು ಹೋದರು. ಕೋಣೆಗೆ ಹೊರಗಿನಿಂದ ಕೀಲಿ ಬಿದ್ದಿತ್ತು. ಕೂಗಿದರೆ ಉತ್ತರವಿಲ್ಲ. ಕಾಕಾ ಆ ಕೋಣೆಗೆಂದು ಹೊರಟು ಬೆಳಿಗ್ಗೆಯೇ ಸೆಳವಿಗೆ ಸಿಕ್ಕಿದ್ದನ್ನು ಮಾಳಿಗೆಯಿಂದ ನೋಡಿದ್ದಾಗಿ ಮಹಾಂತೇಶನ ಅಕ್ಕ ರೋಣಕ್ಕೆ ಬಂದ ಮೇಲೆ ಹೇಳಿದಳು. ಫೋನಿನಲ್ಲಿ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

"ಒಮ್ಮೆ ಕೈ ಎತ್ತಿದ್ರು. ಆಮ್ಯಾಲ ಕಾಣಲಿಲ್ಲ."

ನೀರಿಳಿದ ಮೇಲೆ ಜಾಲಿ ಕಂಟಿಯಲ್ಲಿ ಹೆಣ ಸಿಕ್ಕಿತು. ಕೋಣೆಯ ಕೀಲಿಕೈ ಸೊಂಟದ ಉಡದಾರದಲ್ಲೇ ಇತ್ತು. ಇನ್ನೊಂದು ಕೀಲಿಕೈ ಅಂದು ಇಡೀ ದಿನ ರೋಣದ ಕಚೇರಿಯ ಗೋಡೆಯ ಮೇಲೆ ತೂಗುತ್ತಿತ್ತು.

ಸಾವಿನ ಸುದ್ದಿ ಬರೆದೆ, ಉಳಿದದ್ದನ್ನು ಬರೆಯಲಿಲ್ಲ. ಕಂಪನಿಯ ಬೇರೆ ಕಚೇರಿಗಳಲ್ಲಿ ವಿಚಾರಿಸಿದೆ. ಯಾರೂ ಆ ರೂಟರಿಗೆ ಕೈ ಹಾಕಿರಲಿಲ್ಲ. ಸಾಲುಗಳು ತಪ್ಪಾಗಿ ಮೂಡಿರಬಹುದು ಎಂದ ಇಂಜಿನಿಯರರು, ಗಡುವು ರದ್ದಾದದ್ದು ಹೇಗೆ ಎಂದು ಕೇಳಿದಾಗ ನನಗೆ ಚಹಾ ತರಿಸಿದರು.

ಕೋಣೆ ತೆರೆದ ದಿನ ನಾನೂ ಹೋಗಿದ್ದೆ. ನೀರು ಅಷ್ಟೆತ್ತರ ಏರಿರಲಿಲ್ಲ; ನೆಲ ಒಣಗಿಯೇ ಇತ್ತು, ಹೆಜ್ಜೆ ಗುರುತಿರಲಿಲ್ಲ. ರೂಟರಿಗೆ ಸಿಕ್ಕಿಸುವ ಕೇಬಲ್ಲು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಮೊಳೆಗೆ ತೂಗುಬಿದ್ದಿತ್ತು.

"ಕೆಲಸ ಮುಗದ ಮ್ಯಾಲ ಕಾಕಾ ಹಿಂಗ ಸುತ್ತಿ ಇಡತಿದ್ರು" ಎಂದ ಮಹಾಂತೇಶ.

ಕೆಲಸಕ್ಕೆ ಮೊದಲೂ ಅದು ಹಾಗೆಯೇ ಇರುತ್ತಿತ್ತಲ್ಲವೇ ಎಂದು ಕೇಳುವುದು ನನ್ನ ವೃತ್ತಿ. ಕೇಳಲಿಲ್ಲ.