ಮೊದಲು ಅವರಿಗೇ ಹೇಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತರಬೇತಿ ಕೇಂದ್ರದ ಕಾರಿಡಾರಿನಲ್ಲಿ ಹೆಂಗಸೊಬ್ಬರು ಮರದ ಬೆಂಚೊಂದನ್ನು ಕರಕರ ಎಳೆದುಕೊಂಡು ಬರುತ್ತಿದ್ದಾರೆ. ಕೈ ಹಾಕಲು ಹೋದರೆ ಬೇಡ ಎನ್ನುತ್ತಾರೆ. ಗೋಡೆಗೆ ಸೇರಿಸಿ ಇಡುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ, ಸಮಾಧಾನವಾಗದೆ ಮತ್ತೆ ಎಳೆಯುತ್ತಾರೆ. ಕೊನೆಗೆ ಬೆಂಚು ನಿಲ್ಲುವುದು ಗಾಳಿಯೂ ಆಡದ, ಗಡಿಯಾರವೂ ಕಾಣದ, ಪಕ್ಕದ ಬಾಗಿಲು ಪದೇ ಪದೇ ಬಡಿದುಕೊಳ್ಳುವ ಮೂಲೆಯಲ್ಲಿ. "ಹಾಂ, ಈಗ ಕೋರ್ಟಿನ ಥರಾನೇ ಆಯ್ತು" ಎಂದು ಕೈ ಒರೆಸಿಕೊಳ್ಳುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಬೆಂಚ್ ಮೇಡಂ ಎಂದು. ಎದುರಿಗಲ್ಲ, ಬೆನ್ನ ಹಿಂದೆ. ಅದು ಅವರಿಗೂ ಗೊತ್ತು. ಪೊಲೀಸರು, ಕೋರ್ಟಿನ ಗುಮಾಸ್ತರು, ಸರ್ಕಾರಿ ವಕೀಲರು, ಆಸ್ಪತ್ರೆಯ ನರ್ಸುಗಳು, ಜೈಲಿನ ಸಿಬ್ಬಂದಿ, ಹೀಗೆ ನ್ಯಾಯದ ದಾರಿಯಲ್ಲಿ ಎಲ್ಲೋ ಒಂದು ಕಡೆ ಕುರ್ಚಿ ಹಾಕಿಕೊಂಡು ಕೂತಿರುವ ಎಲ್ಲರಿಗೂ ಇವರು ಒಂದೇ ವಿಷಯ ಕಲಿಸುತ್ತಾರೆ: ಅಪರಾಧದಿಂದ ನೊಂದವರಿಗೆ ಏನೇನು ಹಕ್ಕಿದೆ, ಅದನ್ನು ಕೊಡಬೇಕಾದವರು ಯಾರು. ಕಳ್ಳನನ್ನು ಬೆನ್ನಟ್ಟಿ ಹಿಡಿದವನ ಫೋಟೋ ಪೇಪರಿನಲ್ಲಿ ಬರುತ್ತದೆ. ಕಳವಾದ ಮನೆಯಾಕೆಗೆ ನಿಮ್ಮ ಕೇಸು ಎಲ್ಲಿಗೆ ಬಂತು ಎಂದು ಫೋನು ಮಾಡಿ ಹೇಳುವವನ ಫೋಟೋ ಯಾರಿಗೆ ಬೇಕು? ಹಾಗೆ ಹೇಳುವುದನ್ನು ಕಲಿಸುವವರನ್ನಂತೂ ಕೇಳುವವರೇ ಇಲ್ಲ.

ಅವರ ಜೊತೆ ಒಂದು ದಿನ ಕಳೆಯೋಣ ಎಂದು ಬಂದ ನನಗೆ ಅರ್ಧ ಗಂಟೆಯಲ್ಲೇ ಕಾಲು ಸೋಲುತ್ತದೆ. ಈಕೆ ಕೂರುವುದಿಲ್ಲ. ಮಾತಾಡುತ್ತ ನಡೆಯುತ್ತಾರೆ, ನಡೆಯುತ್ತ ಕಿಟಕಿ ತೆಗೆಯುತ್ತಾರೆ, ತೆಗೆದ ಕಿಟಕಿ ಮುಚ್ಚುತ್ತಾರೆ. ಪ್ರಶ್ನೆ ಕೇಳಬೇಕೆಂದರೆ ಬೆನ್ನ ಹಿಂದೆ ಓಡಬೇಕು. ಇವತ್ತಂತೂ ಕೈಯಲ್ಲಿ ಫೋನು ಬೇರೆ. ಗಳಿಗೆಗೊಮ್ಮೆ ಅದರ ಮುಖ ನೋಡುತ್ತಾರೆ.

"ಯಾವುದಾದ್ರೂ ಕರೆ ಬರ್ಬೇಕಿತ್ತಾ?" ಎಂದೆ.

"ನನಗಲ್ಲ. ಅಮ್ಮಂಗೆ. ಬಂದಿದ್ರೆ ಅಮ್ಮ ನನಗೆ ಹೇಳ್ತಾಳೆ, ಅದಕ್ಕೇ ನೋಡ್ತಿದೀನಿ. ಅಮ್ಮನ್ನ ಹೊಡೆದವನು ಜೈಲಿಂದ ಹೊರಗೆ ಬರೋ ಕಾಲ ಬಂದಿದೆ. ಬಿಡೋ ಮುಂಚೆ ಅವಳಿಗೆ ಹೇಳ್ಬೇಕು. ನಿಯಮ ಇದೆ. ಆ ನಿಯಮ ಆ ಜೈಲಿನವರಿಗೆ ಪಾಠ ಮಾಡಿದವಳೂ ನಾನೇ." ಕಿಟಕಿ ಮತ್ತೆ ತೆಗೆಯುತ್ತಾರೆ. "ಮಾಡಿದ ಪಾಠ ತಲೆಗೆ ಹೋಗಿದೆಯೋ ಇಲ್ವೋ ಅಂತ ಈಗ ಗೊತ್ತಾಗುತ್ತೆ."

ಅಷ್ಟು ಹೊತ್ತಿಗೆ ಜನ ಬರತೊಡಗುತ್ತಾರೆ. ಬೆಂಚ್ ಮೇಡಂ ಬಾಗಿಲಲ್ಲಿ ನಿಂತು ಅವರಲ್ಲಿ ಮೂವರನ್ನು ಆರಿಸಿಕೊಳ್ಳುತ್ತಾರೆ. ಗತ್ತಿನಿಂದ ಬಂದ ಒಬ್ಬ ಸಬ್ ಇನ್‌ಸ್ಪೆಕ್ಟರು, ಒಬ್ಬ ಕೋರ್ಟ್ ಗುಮಾಸ್ತ, ಒಬ್ಬಾಕೆ ನರ್ಸು. ಮೂವರ ಫೋನೂ ಇಸಿದುಕೊಂಡು, "ಇಲ್ಲೇ ಕೂತಿರಿ, ಕರೀತೀವಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ. ಎದುರು ಗೋಡೆಗೆ ಒರಗಿ ಕೇಂದ್ರದ ಅಟೆಂಡರ್ ನಿಲ್ಲುತ್ತಾನೆ. ಕೋರ್ಟಿನಲ್ಲಿ ನೊಂದವರ ಎದುರೇ ನಿಲ್ಲುವ ಆರೋಪಿಯ ಹಾಗೆ ಬೆಂಚಿನ ಮೇಲೆ ಕೂತವರನ್ನು ದುರುಗುಟ್ಟಿ ನೋಡುವುದು ಅವನಿಗೆ ಒಪ್ಪಿಸಿರುವ ಕೆಲಸ. "ಮೊದಮೊದಲು ನಗು ಬಂದುಬಿಡ್ತಿತ್ತು ಸಾರ್. ಈಗ ಅಭ್ಯಾಸ ಆಗಿದೆ. ಮನೇಲೂ ಹಂಗೇ ನೋಡ್ತೀಯಲ್ಲ ಅಂತ ಹೆಂಡತಿ ಬೈತಾಳೆ" ಎಂದು ನನ್ನ ಕಿವಿಯಲ್ಲಿ ಹೇಳಿ ಮತ್ತೆ ಮುಖ ಗಂಟಿಕ್ಕಿಕೊಳ್ಳುತ್ತಾನೆ.

ಒಳಗೆ ಪಾಠ ನಡೆಯುತ್ತದೆ. ಹೊರಗಿನ ಮೂವರನ್ನು ಯಾರೂ ಕರೆಯುವುದಿಲ್ಲ. ಒಂದು ಗಂಟೆ ಕಳೆದ ಮೇಲೆ ಸಬ್ ಇನ್‌ಸ್ಪೆಕ್ಟರು ಬಾಗಿಲು ತಳ್ಳಿಕೊಂಡು ಬರುತ್ತಾರೆ, ಮುಖ ಕೆಂಪಾಗಿದೆ. "ಏನ್ರೀ ಇದು? ನೀರು ಎಲ್ಲಿ ಸಿಗುತ್ತೆ ಅಂತಾನೂ ಒಬ್ಬರೂ ಹೇಳಲ್ಲ. ಆ ಮನುಷ್ಯ ಬೇರೆ ನನ್ನನ್ನೇ ತಿನ್ನೋ ಹಾಗೆ ನೋಡ್ತಿದಾನೆ!" ಸಭೆಯಲ್ಲಿ ನಗು ಏಳುತ್ತದೆ. ಬೆಂಚ್ ಮೇಡಂ ನಗುವುದಿಲ್ಲ. ಸಬ್ ಇನ್‌ಸ್ಪೆಕ್ಟರ ಹಿಂದೆಯೇ ಬಂದ ನರ್ಸನ್ನು ಕೇಳುತ್ತಾರೆ, ನಿಮಗೇನನ್ನಿಸಿತು ಎಂದು. ಆಕೆ, "ನಾನೇ ಏನೋ ತಪ್ಪು ಮಾಡಿದೀನಿ ಅನ್ನಿಸ್ತು" ಎನ್ನುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ.

ಆಮೇಲಿನ ವಾದ ಜೋರಾಗಿಯೇ ನಡೆಯುತ್ತದೆ. ಸಬ್ ಇನ್‌ಸ್ಪೆಕ್ಟರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಠಾಣೆಯಲ್ಲಿ ಜನ ಸಾಲದು, ಕೇಸುಗಳ ರಾಶಿ ಬಿದ್ದಿದೆ, ಜಾಮೀನು ಸಿಕ್ಕಿತು, ತಾರೀಖು ಮುಂದಕ್ಕೆ ಹೋಯಿತು ಎಂದು ಒಬ್ಬೊಬ್ಬರಿಗೂ ಫೋನು ಮಾಡುತ್ತ ಕೂತರೆ ಮುಂದಿನ ಕಳ್ಳನನ್ನು ಹಿಡಿಯುವವರು ಯಾರು ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಗುಮಾಸ್ತ ನಡುವೆ ಬಾಯಿ ಹಾಕುತ್ತಾನೆ. "ವಯಸ್ಸಾದೋರಿಗೆ ನೇರವಾಗಿ ಹೇಳಿದ್ರೆ ಗಾಬರಿ ಆಗಲ್ವಾ ಮೇಡಂ? ಬಿಪಿ ಇರುತ್ತೆ, ಶುಗರ್ ಇರುತ್ತೆ. ನಾವು ಮಕ್ಕಳಿಗೆ ಹೇಳಿಬಿಡ್ತೀವಿ. ಅವರು ನೋಡ್ಕೊಂಡು ಹೇಳ್ತಾರೆ."

"ಹೇಳಲ್ಲ" ಎನ್ನುತ್ತಾರೆ ಬೆಂಚ್ ಮೇಡಂ. "ಮಕ್ಕಳು ಹೇಳಲ್ಲ. ನಾಳೆ ಹೇಳೋಣ, ಊಟ ಆಗ್ಲಿ, ಹಬ್ಬ ಕಳೀಲಿ ಅಂತ ದಿನ ತಳ್ತಾರೆ. ಅಷ್ಟರಲ್ಲಿ ಅವನು ಬಾಗಿಲಿಗೆ ಬಂದಿರ್ತಾನೆ. ಹೊಡೆತ ತಿಂದಿದ್ದು ಯಾರೋ, ಮೊದಲು ಅವರಿಗೇ ಹೇಳಿ. ಕೂತಿದೀರಾ ಅಂತ ಕೇಳಿ, ಜೊತೇಲಿ ಯಾರಾದ್ರೂ ಇದಾರಾ ಅಂತ ಕೇಳಿ, ಆಮೇಲೆ ಹೇಳಿ. ಆದ್ರೆ ಅವರಿಗೇ ಹೇಳಿ." ಕೊನೆಯ ಸಾಲಿನಲ್ಲಿ ಇಬ್ಬರು ಆಕಳಿಸುತ್ತಿದ್ದಾರೆ. ಮೇಡಂ ಕಣ್ಣು ಅಲ್ಲಿಗೆ ಹೋಗಿ ಬರುತ್ತದೆ.

ಈ ಹಟ ಎಲ್ಲಿಂದ ಬಂತು ಎನ್ನುವುದು ಬಿಡುವಿನ ಹೊತ್ತಿನಲ್ಲಿ ತುಂಡು ತುಂಡಾಗಿ ಹೊರಬೀಳುತ್ತದೆ. ಈಕೆ ಮೊದಲು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುತ್ತಿದ್ದವರು. ಯಾವ ಬಸ್ಸು ಎಷ್ಟನೇ ಅಂಕಣಕ್ಕೆ, ಯಾವುದು ತಡ, ಯಾವುದು ರದ್ದು ಎಂದು ದಿನವಿಡೀ ಹೇಳುವ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಅಮ್ಮನ ಗುಂಡಿ, ದಾರ, ಲೇಸಿನ ಅಂಗಡಿ. ಒಂದು ಸಂಜೆ ಅಲ್ಲಿಗೆ ನುಗ್ಗಿದವನು ಲೇಸು ಅಳೆಯುವ ಕಬ್ಬಿಣದ ಸರಳಿನಿಂದಲೇ ಅಮ್ಮನನ್ನು ಹೊಡೆದು ಗಲ್ಲಾ ಬಾಚಿಕೊಂಡು ಹೋದ. ಎಡಗೈ ಮುರಿಯಿತು. ಅವನು ಸಿಕ್ಕಿಬಿದ್ದ, ಅಮ್ಮ ಗುರುತಿಸಿದರು. ಪೀಡೆ ತೊಲಗಿತು ಎಂದು ಮನೆಯವರು ಉಸಿರು ಬಿಟ್ಟರು. ಅವನಿಗೆ ಜಾಮೀನು ಸಿಕ್ಕಿದ್ದನ್ನು ಯಾರೂ ಹೇಳಲಿಲ್ಲ. ಪೊಲೀಸರು ಹೇಳುತ್ತಾರೆಂದು ವಕೀಲರು ಅಂದುಕೊಂಡರು, ಕೋರ್ಟಿನವರು ಹೇಳಿರುತ್ತಾರೆಂದು ಪೊಲೀಸರು ಅಂದುಕೊಂಡರು. ಒಂದು ಬೆಳಗ್ಗೆ ಅಮ್ಮ ಒಂಟಿ ಕೈಯಲ್ಲಿ ಶಟರ್ ಎತ್ತಿದರೆ ಅವನೇ ಎದುರಿಗೆ ನಿಂತಿದ್ದಾನೆ. ಕಪ್ಪು ದಾರ ಇದೆಯಾ ಎಂದು ಕೇಳಿದನಂತೆ.

"ಬಸ್ಸು ಹತ್ತು ನಿಮಿಷ ತಡ ಆದ್ರೂ ಊರಿಗೆಲ್ಲ ಕೂಗಿ ಹೇಳ್ತಿದ್ವಿ. ನಮ್ಮಮ್ಮಂಗೆ ಮಾತ್ರ ಒಬ್ಬರೂ ಹೇಳ್ಲಿಲ್ಲ" ಎನ್ನುವಾಗ ಈಕೆಯ ದನಿ ಇಷ್ಟು ವರ್ಷಗಳ ಮೇಲೂ ಗಟ್ಟಿಯಾಗುತ್ತದೆ. ಅವನಿಗೆ ಆಮೇಲೆ ಶಿಕ್ಷೆಯಾಯಿತು. ಅಂಗಡಿಯ ಶಟರ್ ಮಾತ್ರ ಅವನು ದಾರ ಕೇಳಿದ ದಿನವೇ ಮುಚ್ಚಿತು. ಮಗಳು ಮೈಕು ಬಿಟ್ಟು, ನೊಂದವರಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ಸೇರಿ, ಕಾಯ್ದೆ ಓದಿ, ಮೊದಲು ಠಾಣೆಗಳ ಬಾಗಿಲು ತಟ್ಟಿದರು. ಬಸ್ಸಿನವಳು ನಮಗೇನು ಕಲಿಸುತ್ತಾಳೆ ಎಂದು ಮುಖಕ್ಕೇ ಅಂದವರಿದ್ದಾರೆ. ಈಗ ವಾರಕ್ಕೆ ಮೂರು ನಾಲ್ಕು ಕಡೆ ಪಾಠ. ಸಂಭಾವನೆಯ ಮಾತು ಬಂದರೆ ನಕ್ಕು ಬೇರೆ ವಿಷಯಕ್ಕೆ ಹೋಗುತ್ತಾರೆ.

ಮಧ್ಯಾಹ್ನ ಒಂದು ವಿಚಿತ್ರ ನಡೆಯುತ್ತದೆ. ಬೇರೆ ಕೆಲಸಕ್ಕೆ ಕೇಂದ್ರಕ್ಕೆ ಬಂದಿದ್ದ ಜೈಲು ಕಚೇರಿಯ ಹಿರಿಯ ನೌಕರರೊಬ್ಬರು ಬೆಂಚ್ ಮೇಡಂ ಅವರನ್ನು ಕಂಡು ಹತ್ತಿರ ಬರುತ್ತಾರೆ. ಸುತ್ತ ನೋಡಿ ದನಿ ಇಳಿಸುತ್ತಾರೆ. "ನಿಮ್ಮ ಕಡೆಯ ಆ ಫೈಲು ನಮ್ಮಲ್ಲಿಗೆ ಬಂದಿದೆ. ದಿನ ಗೊತ್ತಾಗಿದೆ. ಹೇಳ್ಲಾ?"

ಬೆಂಚ್ ಮೇಡಂ ಕಾರಿಡಾರಿನ ಆ ತುದಿಯವರೆಗೂ ಬಿರಬಿರನೆ ನಡೆದು, ಬೆಂಚಿನ ಬಳಿ ನಿಂತು, ವಾಪಸು ಬರುತ್ತಾರೆ. "ಬೇಡ. ಅಮ್ಮಂಗೆ ಹೇಳಿ."

"ಅಯ್ಯೋ, ನಮ್ಮವರು ಅಂತ ಹೇಳೋಕೆ ಬಂದ್ರೆ..."

"ಅದೇ ಅಣ್ಣಾ, ಎಲ್ಲರೂ ನಮ್ಮವರಿಗೆ ಹೇಳ್ತಾರೆ. ನೀವು ನನಗೆ ಹೇಳಿಬಿಟ್ರೆ, ಅವರ ಮನೆಗೆ ಹೇಳಿ ಆಯ್ತು ಅಂತ ಫೈಲು ಮುಚ್ಚಿಬಿಡ್ತಾರೆ. ಅಮ್ಮಂಗೆ ಕರೇನೇ ಬರಲ್ಲ." ಆತ ಪೆಚ್ಚಾಗಿ ಹೋಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಬಂದವರು ಪಾಪ. ಉಳಿದ ಹೊತ್ತೆಲ್ಲ ಮೇಡಂ ಪಾಠ ಮಾಡುತ್ತಾರೆ, ಆದರೆ ಎರಡು ಸಲ ಮಾತು ಎಲ್ಲಿಗೆ ಬಂದಿತ್ತು ಎನ್ನುವುದನ್ನೇ ಮರೆಯುತ್ತಾರೆ.

ಸಂಜೆ ಅವರ ಮನೆಗೆ ಹೋಗುತ್ತೇವೆ. ರಸ್ತೆಯ ಕಡೆಗೆ ತುಕ್ಕು ಹಿಡಿದ ಶಟರ್. ಪಕ್ಕದ ಸಂದಿಯಲ್ಲಿ ಹಾದು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಬೇಕು, ಕಪ್ಪು ದಾರದ ದಿನದಿಂದ ಅಮ್ಮ ಓಡಾಡುವುದು ಅಲ್ಲಿಂದಲೇ. ಗುಂಡಿ ಬೇಕಾದ ಹಳೇ ಗಿರಾಕಿಗಳೂ ಅಲ್ಲೇ ಬಂದು ಕೂಗುತ್ತಾರೆ. ಅಮ್ಮ ಸಣ್ಣ ಆಕಾರದ, ಚುರುಕು ಕಣ್ಣಿನ ಹೆಂಗಸು. ಎಡ ಮಣಿಕಟ್ಟು ಇನ್ನೂ ಸೊಟ್ಟಗಿದೆ. "ಬನ್ನಿ ಬನ್ನಿ, ಪೇಪರಿನವರಾ? ಬರ್ಕೊಳ್ಳಿ. ಇವಳು ಊರಿಗೆಲ್ಲ ಪಾಠ ಹೇಳ್ತಾಳೆ, ಮನೇಲಿ ನನ್ನನ್ನ ಗಾಜಿನ ಬೊಂಬೆ ಥರ ಎತ್ತಿಡ್ತಾಳೆ. ಬಾಗಿಲು ತೆಗೀಬೇಡ, ಒಬ್ಬಳೇ ಹೋಗ್ಬೇಡ. ನಾನು ಹೆತ್ತವಳೋ, ಇವಳು ನನ್ನ ಹೆತ್ತವಳೋ" ಎಂದು ನಗುತ್ತ ಕೈಕಾಲು ತೊಳೆಯಲು ಬಚ್ಚಲಿಗೆ ಹೋಗುತ್ತಾರೆ.

ಆಗಲೇ ಮೇಜಿನ ಮೇಲಿದ್ದ ಅಮ್ಮನ ಫೋನು ಹೊಡೆದುಕೊಳ್ಳುತ್ತದೆ. ಮಗಳು ಹಾರಿ ಎತ್ತಿಕೊಳ್ಳುತ್ತಾರೆ. ಹಳೆಯ ಫೋನು, ಆ ಕಡೆಯ ಮಾತು ನನಗೂ ಕೇಳುತ್ತದೆ. ಎಳೆಯ ಹೆಣ್ಣು ದನಿ. ಜೈಲು ಕಚೇರಿಯಿಂದ ಮಾತಾಡುತ್ತಿದ್ದೇನೆ, ಅಮ್ಮನವರು ಇದ್ದಾರಾ ಎನ್ನುತ್ತದೆ.

"ಸ್ನಾನದ ಮನೇಲಿದಾರೆ. ನಾನು ಮಗಳು. ನನಗೆ ಹೇಳಿ."

"ಪರವಾಗಿಲ್ಲ ಮೇಡಂ, ಕಾಯ್ತೀನಿ. ಅವರಿಗೇ ಕೊಡಿ."

"ಅಲ್ಲಮ್ಮಾ, ಅವರಿಗೆ ವಯಸ್ಸಾಗಿದೆ. ಬಿಪಿ ಇದೆ. ಒಂದೇ ಸಲ ಕೇಳಿದ್ರೆ ಗಾಬರಿ ಆಗುತ್ತೆ. ನನಗೆ ಹೇಳು, ನಾನು ನೋಡ್ಕೊಂಡು ಹೇಳ್ತೀನಿ."

ಬೆಳಗ್ಗೆ ಆ ಗುಮಾಸ್ತ ಹೇಳಿದ ಮಾತೇ. ನಾನು ತಲೆಯೆತ್ತಿ ನೋಡುತ್ತೇನೆ. ಅವರಿಗೆ ಅದರ ಪರಿವೆಯೇ ಇಲ್ಲ, ಫೋನನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡು ಕೋಣೆಯಿಡೀ ಸುತ್ತುತ್ತಿದ್ದಾರೆ. "ದಿನ ಒಂದು ಹೇಳಿಬಿಡು ಸಾಕು. ದಮ್ಮಯ್ಯ ಅಂತೀನಿ. ನಾನು ಯಾರು ಗೊತ್ತಾ? ನಿಮಗೆಲ್ಲ ತರಬೇತಿ ಕೊಟ್ಟವಳು ನಾನೇ."

"ದನಿ ಕೇಳಿದಾಗಲೇ ಗೊತ್ತಾಯ್ತು ಮೇಡಂ" ಎನ್ನುತ್ತದೆ ಆ ಕಡೆಯ ದನಿ. ಸ್ವಲ್ಪ ನಡುಗುತ್ತದೆ, ಆದರೆ ಜಗ್ಗುವುದಿಲ್ಲ. "ಹೊಡೆತ ತಿಂದಿದ್ದು ಅವರು ಮೇಡಂ. ಮೊದಲು ಅವರಿಗೇ ಹೇಳ್ತೀನಿ. ನೀವು ಪಕ್ಕದಲ್ಲಿರಿ."

ಬಚ್ಚಲಿನಿಂದ ಬಂದ ಅಮ್ಮ ಒದ್ದೆ ಕೈ ಚಾಚಿ ಫೋನು ಈಸಿಕೊಳ್ಳುತ್ತಾರೆ. ಹ್ಞೂಂ, ಕೂತಿದೀನಿ ಎನ್ನುತ್ತ ಕುರ್ಚಿ ಎಳೆದುಕೊಳ್ಳುತ್ತಾರೆ. ಮಗಳು ಜೊತೆಗಿದಾಳೆ ಎನ್ನುತ್ತಾರೆ. ಬಹಳ ಹೊತ್ತು ಕೇಳಿಸಿಕೊಳ್ಳುತ್ತಾರೆ. ನಡುವೆ ಅವರೇ ಪ್ರಶ್ನೆ ಕೇಳುತ್ತಾರೆ, ಒಂದು ನಂಬರನ್ನು ಬಾಯಿಪಾಠ ಮಾಡಿಕೊಂಡು ಒಪ್ಪಿಸುತ್ತಾರೆ. ಫೋನು ಮೇಜಿನ ಮೇಲಿಡುತ್ತಾರೆ. ನೀರು ತರಲು ಮಗಳು ಓಡುತ್ತಾರೆ.

"ಶುಕ್ರವಾರ ಬೆಳಗ್ಗೆ ಬಿಡ್ತಾರಂತೆ. ಈ ರಸ್ತೆಗೆ ಕಾಲಿಡೋ ಹಾಗಿಲ್ಲವಂತೆ, ಇಟ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತಾನೂ ಹೇಳಿದ್ಲು." ಎರಡು ಗುಟುಕು ನೀರು ಕುಡಿಯುತ್ತಾರೆ. "ಭಯ ಆಗ್ತಿದೆ. ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ. ಆದ್ರೆ ಅವತ್ತು ಅವನು ಮುಂದೆ ಬಂದು ನಿಂತ ಮೇಲೆ ನನಗೆ ಗೊತ್ತಾಗಿದ್ದು. ಈ ಸಲ ಮೊದಲೇ ಗೊತ್ತು." ಲೋಟ ಕೆಳಗಿಟ್ಟು ಮುಂದಿನ ಕೋಣೆಯ ಕಡೆ ಮುಖ ಮಾಡುತ್ತಾರೆ. "ಶುಕ್ರವಾರ ನಾನು ಎಲ್ಲೂ ಹೋಗಲ್ಲ. ಶನಿವಾರ ಅಂಗಡಿ ತೆಗೀತೀನಿ. ಆ ಶಟರಿಗೆ ಒಂಚೂರು ಎಣ್ಣೆ ಹಾಕಿಸು."

ಮಗಳು ಬೇಡ ಎನ್ನಲು ಬಾಯಿ ತೆರೆಯುತ್ತಾರೆ. ಅಮ್ಮನ ಮುಖ ನೋಡಿ, ಎಣ್ಣೆ ಎಲ್ಲಿದೆ ಎಂದು ಕೇಳುತ್ತಾರೆ.

ನನ್ನನ್ನು ಬೀಳ್ಕೊಡಲು ಸಂದಿಯವರೆಗೆ ಬಂದವರು, ಬೆಳಗಿನಿಂದ ಮೊದಲ ಸಲ, ಮುಚ್ಚಿದ ಶಟರಿನ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಕಣ್ಣು ಒದ್ದೆಯಾಗಿದೆ, ಮುಖದಲ್ಲಿ ನಗುವೂ ಇದೆ. ನಾಚಿಕೆಯಾಗಿದೆ ಎಂದು ಅವರೇ ಹೇಳುತ್ತಾರೆ. ಆ ಹುಡುಗಿ ಯಾರೆಂದು ಗೊತ್ತಾಯಿತಾ ಎಂದು ಕೇಳುತ್ತೇನೆ.

"ಗೊತ್ತಾಗದೆ ಏನು. ಜೈಲಿನವರ ಕ್ಲಾಸಲ್ಲಿ ಕೊನೇ ಸಾಲಲ್ಲಿ ಕೂತು ಇಡೀ ದಿನ ಆಕಳಿಸ್ತಿದ್ಲು. ಇವಳಿಗೆ ಒಂದಕ್ಷರಾನೂ ಹತ್ತಲ್ಲ ಅಂದ್ಕೊಂಡಿದ್ದೆ." ಮೂಗು ಒರೆಸಿಕೊಳ್ಳುತ್ತಾರೆ. "ದಮ್ಮಯ್ಯ ಅಂದೆ ನೋಡಿ. ಆದ್ರೂ ನನಗೆ ಹೇಳ್ಲಿಲ್ಲ."